ಒಂದೇ ಎಳೆಯ ಲೆಕ್ಕ

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಗೀರಿದ ಸದ್ದು ಬರುತ್ತದೆ, ಅಷ್ಟೇ. ಕರೆಂಟಿನ ಒಲೆ ತಂದಿಟ್ಟವರೂ ಇದ್ದಾರೆ. ಇಡೀ ದಿನ ಹಾಕಿಟ್ಟರೂ ಅದರ ಸುರುಳಿಯ ಮೇಲೆ ಬೆಕ್ಕು ಮಲಗಿ ನಿದ್ದೆ ಮಾಡುತ್ತದೆ. ಇಲ್ಲಿ ಬಿಸಿಯಾಗುವುದು ಲೆಕ್ಕ ಮಾಡುವ ಕಂಪ್ಯೂಟರ್ ಒಂದೇ. ಹಾಗಾಗಿ ಎಲ್ಲರ ಅಡುಗೆಮನೆಯಲ್ಲೂ ಕಟ್ಟೆಯ ಮೇಲೆ ಒಂದು ಕ್ಯಾಬಿನೆಟ್, ಅದರೊಳಗೆ ಪ್ರೊಸೆಸರ್, ಪ್ರೊಸೆಸರಿನ ಬೆನ್ನ ಮೇಲೆ ತಾಮ್ರದ ತಟ್ಟೆ, ತಟ್ಟೆಯ ಮೇಲೆ ಪಾತ್ರೆ. ಅನ್ನ, ಸಾರು, ಗಂಜಿ, ಪಾಯಸ ಎಲ್ಲ ಆಗುತ್ತದೆ. ನೂರಾ ಹತ್ತು ಡಿಗ್ರಿ ಮುಟ್ಟಿದರೆ ಮೆಷಿನ್ ತಾನೇ ಆರಿಹೋಗುವುದರಿಂದ ದೋಸೆ ಆಗುವುದಿಲ್ಲ. ದೋಸೆಯ ವಿಷಯ ನಾವು ಮಾತಾಡುವುದೂ ಇಲ್ಲ. ಮದುವೆಯಲ್ಲಿ ಗಂಡು ಹೆಣ್ಣು ಕ್ಯಾಬಿನೆಟ್ಟನ್ನೇ ಏಳು ಸುತ್ತು ಸುತ್ತುತ್ತಾರೆ, ವೈರು ಕಾಲಿಗೆ ಸಿಕ್ಕಿಕೊಳ್ಳದ ಹಾಗೆ ಒಬ್ಬರು ಹಿಡಿದುಕೊಂಡು ನಿಂತಿರುತ್ತಾರೆ.

ಆದರೆ ಮೆಷಿನ್ನಿಗೆ ಸುಮ್ಮನೆ ಏನೋ ಒಂದು ಲೆಕ್ಕ ಕೊಟ್ಟರೆ ನಡೆಯುವುದಿಲ್ಲ. ಎರಡಕ್ಕೆ ಎರಡು ಕೂಡಿಸು ಎಂದು ಕೋಟಿ ಸಲ ಹೇಳಿದರೂ ತಟ್ಟೆ ತಣ್ಣಗೇ ಇರುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲದ ಲೆಕ್ಕ ಬೇಕು. ಮದುವೆಯಾದ ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಒಂದು ಲೆಕ್ಕ ಆರಿಸಿಕೊಳ್ಳುತ್ತಾರೆ, ಒಲೆ ಅದರ ಮೇಲೆ ನಡೆಯುತ್ತದೆ. ನಮ್ಮ ಎಡಪಕ್ಕದ ಮನೆಯವರು ತಮ್ಮ ವಂಶದಲ್ಲಿ ಯಾರು ಯಾರಿಗೆ ಎಷ್ಟು ಬಗೆಯಲ್ಲಿ ನೆಂಟರು ಎಂದು ಲೆಕ್ಕ ಹಾಕಿಸುತ್ತಾ ಇಪ್ಪತ್ತು ವರ್ಷದಿಂದ ಅನ್ನ ಮಾಡಿಕೊಂಡಿದ್ದಾರೆ. ನಾನು ಮದುವೆಯಾಗಲಿಲ್ಲ, ನನ್ನ ಲೆಕ್ಕ ನಾನೇ ಆರಿಸಿಕೊಂಡೆ: ಕಸದ ಗಾಡಿ ಊರಿನ ನೂರಾ ಹದಿನೆಂಟು ಮನೆಗಳಿಗೆ ಯಾವ ದಾರಿಯಲ್ಲಿ ಹೋದರೆ ಸುತ್ತು ಕಡಿಮೆ ಎಂಬುದು. ಗಾಡಿಯವನು ಈವರೆಗೆ ನನ್ನನ್ನು ಕೇಳಿಲ್ಲ.

ನನ್ನ ಹೆಸರು ಭದ್ರಾ, ಊರಿಗೆಲ್ಲ ಭದ್ರಕ್ಕ. ರ‍್ಯಾಮ್ ಆರಿಸಿಕೊಡುವುದು ನನ್ನ ಕೆಲಸ. ರ‍್ಯಾಮ್ ಎಂದರೆ ಗೇಣಿಗಿಂತ ಗಿಡ್ಡನೆಯ ಹಸಿರು ಸ್ಟಿಕ್ಕು, ಎರಡೆರಡಾಗಿ ಮದರ್‌ಬೋರ್ಡಿಗೆ ಸಿಕ್ಕಿಸುವಂಥದ್ದು. ಪ್ರೊಸೆಸರ್ ಉಣ್ಣುವವನಾದರೆ ರ‍್ಯಾಮ್ ಬಡಿಸುವವನು. ಬಡಿಸುವವನು ತಡ ಮಾಡಿದರೆ ಉಣ್ಣುವವನು ಎಲೆ ಮುಂದೆ ಕೈಕಟ್ಟಿ ಕೂರುತ್ತಾನೆ. ಹಾಗೆ ಸುಮ್ಮನೆ ಕೂತರೆ ತಣ್ಣಗಾಗುತ್ತಾನೆ, ಸಾರು ಕುದಿಯುವುದಿಲ್ಲ. ಹಬ್ಬ ಬಂತೆಂದರೆ ಎಲ್ಲರಿಗೂ ಪ್ರೊಸೆಸರನ್ನು ಕಂಪನಿ ಹೇಳಿದ ವೇಗಕ್ಕಿಂತ ಮೇಲೆ ಓಡಿಸುವ ಆಸೆ. ಓವರ್‌ಕ್ಲಾಕ್ ಮಾಡಿಕೊಡಿ ಎಂದು ಬರುತ್ತಾರೆ, ಬಂದವರು ನೇರವಾಗಿ ಬಣ್ಣದ ದೀಪ ಮಿನುಗುವ ರ‍್ಯಾಮಿಗೇ ಕೈ ಹಾಕುತ್ತಾರೆ. ದೀಪಕ್ಕೆ ಬೇಳೆ ಬೇಯುವುದಿಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಅವರ ಮುಖ ಹೇಗಾದರೂ ಇರಲಿ, ನಾನು ಪರೀಕ್ಷೆ ಮಾಡದೆ ಒಂದು ಸ್ಟಿಕ್ಕನ್ನೂ ಮನೆಯಿಂದ ಆಚೆ ಕಳಿಸಿದವಳಲ್ಲ. ನನ್ನ ಮೇಜಿನ ಮೇಲಿನ ಮೆಷಿನ್ನಿಗೆ ಅದನ್ನು ಸಿಕ್ಕಿಸಿ, ವೇಗ ಏರಿಸಿ, ತೊಗರಿಬೇಳೆ ಇಡುತ್ತೇನೆ. ಮೂರು ದಿನ, ಮೂರು ಪಾತ್ರೆ, ನಡುವೆ ಒಮ್ಮೆಯೂ ನಿಲ್ಲದೆ ಬೆಂದರೆ ಪಾಸು. ಈ ಕೆಲಸದಿಂದಾಗಿ ನಾನು ಜೀವಮಾನವಿಡೀ ತೊವ್ವೆ ತಿಂದಿದ್ದೇನೆ, ಅದರ ಬಗ್ಗೆ ನನಗೆ ದೂರೇನೂ ಇಲ್ಲ.

ಷಡಕ್ಷರಿ ಮೇಷ್ಟ್ರು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬಾಗಿಲ ಚೌಕಟ್ಟನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ ಒಳಗೆ ಬಂದರು.

"ಭದ್ರಮ್ಮ, ನಮ್ಮನೆ ಮೆಷಿನ್ ವೇಗ ಏರಿಸ್ಬೇಕು. ಅದಕ್ಕೆ ತಕ್ಕ ರ‍್ಯಾಮ್ ಕೊಡಿ," ಎಂದರು.

"ಹಬ್ಬಕ್ಕಾ ಮೇಷ್ಟ್ರೇ?"

"ಇಲ್ಲ. ಲೆಕ್ಕ ಮುಗಿಸೋಕೆ."

ನಾನು ಸೌಟು ಕೆಳಗಿಟ್ಟೆ. ಲೆಕ್ಕ ಮುಗಿಸಲು ನಮ್ಮೂರಿನಲ್ಲಿ ಯಾರೂ ಬರುವುದಿಲ್ಲ. ಲೆಕ್ಕ ಮುಗಿದ ದಿನ ಒಲೆ ಆರುತ್ತದೆ, ಹೊಸದು ಸಿಗುವವರೆಗೆ ಅಕ್ಕಪಕ್ಕದವರು ಊಟ ಕೊಡಬೇಕು. ಅದೂ ಮೇಷ್ಟ್ರ ಮನೆಯ ಲೆಕ್ಕ ಊರಿಗೇ ಗೊತ್ತಿರುವಂಥದ್ದು. ಅವರ ಹೆಂಡತಿ ಚೂಡಾಮಣಿ ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಏಳು ಚುಕ್ಕಿ ಏಳು ಸಾಲಿನ ಎಳೆ ರಂಗೋಲಿ ಹಾಕಿದ್ದರು. ಎಲ್ಲಿಯೂ ಕೈ ಎತ್ತದೆ, ಒಂದೇ ಎಳೆ, ಹೊರಟಲ್ಲಿಗೇ ಬಂದು ಸೇರುವಂಥದ್ದು. ಮೇಷ್ಟ್ರು ಅದನ್ನು ನೋಡಿ, ಇಂಥ ಚೆಂದದ ಒಂದೆಳೆಯ ರಂಗೋಲಿ ಒಟ್ಟು ಎಷ್ಟಿರಬಹುದು ಎಂದು ಅದನ್ನೇ ಲೆಕ್ಕವಾಗಿ ಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಮೆಷಿನ್ ನಾಲ್ಕು ಸಲ ಬದಲಾಗಿದೆ, ಲೆಕ್ಕ ಮಾತ್ರ ಅದೇ. ಹೆಚ್ಚುಕಡಿಮೆ ದಿನಕ್ಕೊಂದು ಹೊಸ ರಂಗೋಲಿ ಸಿಗುತ್ತದೆ. ಅದು ಕಾಗದದ ಮೇಲೆ ಬರುತ್ತದೆ, ಚೂಡಮ್ಮ ಅದನ್ನು ನೋಡಿಕೊಂಡು ಬಾಗಿಲಲ್ಲಿ ಹಾಕುತ್ತಾರೆ. ಹಾಲಿನವನು ಕೂಡ ಸೈಕಲ್ ನಿಲ್ಲಿಸಿ ನೋಡಿ ಹೋಗುವುದುಂಟು.

"ಇನ್ನೂ ಹದಿನಾಲ್ಕು ತಿಂಗಳಿದೆ ಅಂತ ತೋರಿಸ್ತಿದೆ," ಎಂದರು ಮೇಷ್ಟ್ರು. "ಕಣ್ಣಿನ ಡಾಕ್ಟ್ರು ನನಗೆ ಒಂದು ವರ್ಷ ಅಂದಿದಾರೆ. ನರ ಒಣಗ್ತಾ ಇದೆಯಂತೆ, ಮಾಡೋದಕ್ಕೆ ಏನೂ ಇಲ್ಲವಂತೆ. ಅವಳು ಮೊದಲನೇ ದಿನ ಹಾಕಿದ್ಳಲ್ಲ, ಅದನ್ನ ಕಣ್ಣಿರೋವಾಗ ಇನ್ನೊಂದು ಸಲ ನೋಡ್ಬೇಕು ನಾನು. ಈ ಲೆಕ್ಕ ಮುಗೀದೆ ಅದು ಆಗೋ ಹಾಗೆ ಕಾಣಲ್ಲ."

"ಅದು ಇನ್ನೂ ಬಂದೇ ಇಲ್ವಾ?"

"ಬಂದಿಲ್ಲ. ಕಣ್ಣಿನ ವಿಷಯ ನಮ್ಮನೆಯವಳಿಗೆ ಹೇಳಿಲ್ಲ. ನೀವೂ ಬಾಯಿ ಬಿಡಬೇಡಿ."

ಯಾರಿಗೂ ಹೇಳಲ್ಲ ಎಂದು ಮಾತು ಕೊಟ್ಟೆ. ಇಂಥ ಸುದ್ದಿ ಕೇಳಿದಾಗ ನಾನು ಕೆಲಸಕ್ಕೇ ಕೈ ಹಾಕುವವಳು, ಮೂರು ಜೊತೆ ರ‍್ಯಾಮ್ ತೆಗೆದು ಮುಂದಿಟ್ಟೆ. ಮೇಷ್ಟ್ರು ಕಣ್ಣಿನ ಹತ್ತಿರ ಹಿಡಿದು ದೊಡ್ಡ ಅಂಕಿ ಇದ್ದದ್ದನ್ನು ಆರಿಸಿದರು. ನಾಲ್ಕು ಸಾವಿರದ ನಾನೂರು ಎಂದು ಬರೆದಿತ್ತು, ದೀಪ ಬೇರೆ ಇತ್ತು. "ಅದು ಓಡೋದೇನೋ ಜೋರಾಗೇ ಓಡತ್ತೆ ಮೇಷ್ಟ್ರೇ," ಎಂದೆ. "ಆದ್ರೆ ಪಕ್ಕದಲ್ಲಿ ಸಣ್ಣದಾಗಿ ಇಪ್ಪತ್ತೆರಡು ಅಂತ ಬರೆದಿದೆ ನೋಡಿ, ಅದು ಕಾಯೋ ಎಣಿಕೆ. ಪಂಕ್ತಿಲಿ ಓಡೋಡಿ ಬಂದು, ಪ್ರತಿ ಎಲೆ ಮುಂದೇನೂ ಏನು ಬಡಿಸ್ಲಿ ಅಂತ ಯೋಚನೆ ಮಾಡ್ತಾ ನಿಂತ್ರೆ ಏನು ಬಂತು. ಇದು ಮೂರು ಸಾವಿರದ ಆರುನೂರು, ಕಾಯೋದು ಹದಿನಾರು. ಇದನ್ನ ಕಂಪನಿ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಓಡಿಸಿ, ಕಾಯೋದನ್ನ ಹದಿನಾಲ್ಕಕ್ಕೆ ಇಳಿಸ್ತೀನಿ. ನಿಮ್ಮ ಪ್ರೊಸೆಸರನ್ನ ಎಷ್ಟು ಏರಿಸಿದ್ರೂ ಇದು ಕೈ ಬಿಡಲ್ಲ. ಮುಖ್ಯ ಏನಂದ್ರೆ ಎರಡೂ ಒಂದೇ ಡಬ್ಬದಲ್ಲಿ ಬಂದ ಜೋಡಿ ಆಗಿರ್ಬೇಕು. ಒಂದು ಚುರುಕು ಒಂದು ನಿಧಾನ ಹಾಕಿದ್ರೆ ಚುರುಕಿನದೂ ನಿಧಾನದ ಜೊತೆಗೇ ನಡೆಯತ್ತೆ."

ಮೇಷ್ಟ್ರು ತಲೆಯಾಡಿಸಿದರು. ದಿನಕ್ಕೊಂದು ಬರುತ್ತಿದ್ದ ರಂಗೋಲಿ ಐದು ದಿನಕ್ಕೆ ಏಳು ಬರುವಂತಾದರೆ ಹತ್ತು ತಿಂಗಳಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಮಾಡಿದೆವು. ಗುರುವಾರ ಬಂದು ಹಾಕಿಕೊಡುತ್ತೇನೆ ಎಂದು ಕಳಿಸಿ, ಮೊದಲ ಪಾತ್ರೆ ಬೇಳೆ ಇಟ್ಟೆ.

ಬುಧವಾರ ಮೂರನೆಯ ಪಾತ್ರೆ ಕುದಿಯುವಾಗ ಚೂಡಮ್ಮ ಬಂದರು. ಕೈಯಲ್ಲಿ ಗೊಜ್ಜವಲಕ್ಕಿಯ ಡಬ್ಬಿ. ಅವರು ಯಾರ ಮನೆಗೂ ಸುಮ್ಮನೆ ಹೋಗುವವರಲ್ಲ. ಬಂದವರು ಮೇಜಿನ ಮೇಲಿನ ಮೆಷಿನ್ನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

"ಇವರು ಬಂದಿದ್ರಂತೆ."

"ಬಂದಿದ್ರು."

"ಭದ್ರಕ್ಕ, ನಿಮ್ಮ ಹತ್ರ ಕೆಟ್ಟದ್ದು ಯಾವ್ದಾದ್ರೂ ಇದ್ರೆ ಅದನ್ನ ಹಾಕಿಬಿಡಿ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಮೈ ಉರಿಯಿತು. ನನ್ನ ಮನೆಯಲ್ಲಿ ಕೆಟ್ಟದ್ದು ಸಿಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸ್ಟೂಲು ಎಳೆದು ಕೂರಿಸಿದೆ.

"ಆ ಮೊದಲ ರಂಗೋಲಿ ಹಾಕಿದಾಗ ನನಗೆ ಇಪ್ಪತ್ತೊಂದು," ಎಂದರು. "ನಮ್ಮಮ್ಮ ಕಲಿಸಿದ್ದು ಐದು ಚುಕ್ಕಿದು ಮಾತ್ರ. ಇಲ್ಲಿ ಎಲ್ಲರೂ ಬಂದು ನೋಡ್ತಾರಲ್ಲ ಅಂತ ಸಣ್ಣದು ಹಾಕೋಕೆ ನಾಚಿಕೆ ಆಯ್ತು, ಏಳು ಚುಕ್ಕಿ ಇಟ್ಟೆ. ಕೊನೇ ಮೂಲೆಗೆ ಬರೋ ಹೊತ್ತಿಗೆ ಎಳೆ ಸಿಕ್ಕಿಹಾಕ್ಕೊಂಡ್ತು. ಎಷ್ಟು ಹೊರಳಿಸಿದ್ರೂ ಹೊರಟ ಜಾಗಕ್ಕೆ ಬರ್ಲಿಲ್ಲ. ಕೈ ಎತ್ತಿದೆ. ಆ ಕಡೆಯಿಂದ ಎಳೆದು ತಂದು, ಮಧ್ಯ ಬಿಟ್ಟುಹೋದ ಜಾಗದ ಮೇಲೆ ಒಂದು ಚೆಂಡುಹೂವು ಇಟ್ಟೆ."

"ಯಾರಿಗೂ ಹೇಳ್ಲಿಲ್ವಾ?"

"ಹೇಳೋಕೆ ಎಲ್ಲಿ ಬಿಟ್ರು ಇವರು. ಬಂದವರೇ, ಆಹಾ, ಕೈ ಎತ್ತದೆ ಒಂದೇ ಎಳೇಲಿ ಹಾಕಿದಾಳೆ ನೋಡಿ ಅಂತ ಮನೆಯವರ ಮುಂದೆಲ್ಲ ಹೇಳಿ, ಅದನ್ನೇ ಒಲೆಗೂ ಕೊಟ್ಟುಬಿಟ್ರು. ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಕಾಗದ ನೋಡ್ತಾರೆ, ಇದಲ್ಲ ಅಂತಾರೆ. ನಾನು ಬರತ್ತೆ ಬಿಡಿ ಅಂತೀನಿ. ಅದು ಎಲ್ಲಿಂದ ಬರತ್ತೆ ಭದ್ರಕ್ಕ? ಅದು ಒಂದೆಳೇದೇ ಅಲ್ವಲ್ಲ. ಲೆಕ್ಕ ಮುಗಿದ ದಿನ ಇವರಿಗೆ ಗೊತ್ತಾಗತ್ತೆ. ಇಷ್ಟು ವರ್ಷ ಇವಳು ಬರತ್ತೆ ಬರತ್ತೆ ಅಂತ ಸುಳ್ಳು ಹೇಳ್ತಾ ಬಂದ್ಳು ಅಂತ." ಸೆರಗು ಸರಿಮಾಡಿಕೊಂಡು, "ಈಗಲೇ ಬೇಜಾರು ಬಂದ ಹಾಗಿದೆ ಅವರಿಗೆ. ಹೋದ ವಾರ ಎರಡು ಸಲ ರಂಗೋಲಿ ಅಂಚು ತುಳ್ಕೊಂಡು ಹೋದ್ರು. ಹಿಂದೆ ಯಾವತ್ತೂ ತುಳಿದೋರಲ್ಲ," ಎಂದರು.

ಮೇಷ್ಟ್ರು ಯಾಕೆ ತುಳಿದರೆಂದು ನನಗೆ ಗೊತ್ತಿತ್ತು. ಕೊಟ್ಟ ಮಾತಿತ್ತು, ಎದ್ದು ಬೇಳೆ ಕದಡಿದೆ. ಗೊಜ್ಜವಲಕ್ಕಿ ಚೆನ್ನಾಗಿತ್ತು, ಎರಡು ತುತ್ತು ತಿಂದು ಡಬ್ಬಿ ಮುಚ್ಚಿದೆ.

ಮರುದಿನ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಇಬ್ಬರ ಮನಸ್ಸನ್ನೂ ಉಳಿಸಲು ಹೋಗಿ, ಬೇಳೆಯ ಪರೀಕ್ಷೆ ಪಾಸಾದ ಜೋಡಿಯಲ್ಲಿ ಒಂದನ್ನು ಮಾತ್ರ ತೆಗೆದುಕೊಂಡೆ. ಅದರ ಜೊತೆಗೆ ಎರಡು ಸಾವಿರದ ನಾನೂರರ ಹಳೆಯದೊಂದನ್ನು ಹಾಕಿದೆ. ಬಣ್ಣ ಎರಡಕ್ಕೂ ಒಂದೇ ಇತ್ತು. ಮೇಷ್ಟ್ರು ಕೇಳಿದ್ದನ್ನೂ ಕೊಟ್ಟ ಹಾಗಾಯಿತು, ಚೂಡಮ್ಮ ಕೇಳಿದ್ದೂ ನಡೆದ ಹಾಗಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪ್ರೊಸೆಸರನ್ನು ಏರಿಸಿದೆ, ಫ್ಯಾನು ಜೋರಾಗಿ ತಿರುಗಿತು. ಮೇಷ್ಟ್ರು ಆ ಸದ್ದು ಕೇಳಿ ಸಂತೋಷಪಟ್ಟು ನನಗೆ ಕೈ ಮುಗಿದರು. ಚೂಡಮ್ಮ ಬಾಗಿಲ ಹಿಂದಿನಿಂದ ಕೈ ಮುಗಿದರು. ಇಬ್ಬರ ನಮಸ್ಕಾರವನ್ನೂ ಹೊತ್ತುಕೊಂಡು ಮನೆಗೆ ಬಂದು ಉಣ್ಣದೆ ಮಲಗಿದೆ.

ಎರಡು ವಾರ ಕಳೆದು ಮೇಷ್ಟ್ರು ಮತ್ತೆ ಬಂದರು. ಜೇಬಿನಿಂದ ಎರಡು ಸ್ಟಿಕ್ಕುಗಳನ್ನು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. "ಹದಿನಾಲ್ಕು ದಿನಕ್ಕೆ ಹದಿನಾಲ್ಕೇ ಬಂತು ಭದ್ರಮ್ಮ. ಲೆಕ್ಕ ನಿಲ್ಲಿಸಿ, ಇವನ್ನ ಬಿಚ್ಚಿ, ಹಳೇವನ್ನೇ ಹಾಕಿ ಬಂದಿದೀನಿ. ಮುಟ್ಟಿ ನೋಡಿ. ಇದಕ್ಕೆ ಎರಡೂ ಕಡೆ ಚಿಪ್ಪಿದೆ. ಇದಕ್ಕೆ ಒಂದೇ ಕಡೆ, ಇನ್ನೊಂದು ಕಡೆ ನುಣ್ಣಗಿದೆ. ಕಣ್ಣು ಹೋಗೋರಿಗೆ ಬೆರಳು ಬರತ್ತೆ," ಎಂದರು. ನಾನು ತಲೆ ತಗ್ಗಿಸಿದೆ. ಅವರು ಬೈದಿದ್ದರೆ ವಾಸಿಯಿತ್ತು. "ಯಾರು ಹೇಳಿ ಮಾಡಿಸಿದ್ದು ಅಂತ ನಾನು ಕೇಳಲ್ಲ. ನೀವು ಆರಿಸಿದ್ದ ಜೋಡಿ ಇದೆಯಲ್ಲ, ಅದನ್ನ ಹಾಕಿಕೊಡಿ. ಹದಿನಾಲ್ಕು ದಿನ ಹೋಯ್ತು ನನ್ನದು," ಎಂದರು.

ಆ ಕೊನೆಯ ಮಾತು ನನ್ನನ್ನು ಎಬ್ಬಿಸಿತು. ಅವರನ್ನು ಕೂರಿಸಿ, ಚಪ್ಪಲಿ ಮೆಟ್ಟಿ ನೇರವಾಗಿ ಅವರ ಮನೆಗೇ ಹೋದೆ. ಚೂಡಮ್ಮ ಹಿತ್ತಲಲ್ಲಿ ರಂಗೋಲಿ ಪುಡಿ ಜರಡಿ ಹಿಡಿಯುತ್ತಿದ್ದರು. ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ಗೊತ್ತಿದ್ದೂ ಹೇಳಿದೆ.

"ಮೇಷ್ಟ್ರು ಬೇಜಾರಿಗೆ ತುಳಿದದ್ದಲ್ಲ ಚೂಡಮ್ಮ. ಅಂಚು ಅವರಿಗೆ ಕಾಣ್ಲಿಲ್ಲ."

ಜರಡಿ ಅವರ ಕೈಯಲ್ಲೇ ನಿಂತಿತು. ಉಳಿದದ್ದನ್ನೂ ಹೇಳಿದೆ: ಡಾಕ್ಟರ ಮಾತು, ಒಂದು ವರ್ಷ, ಮೊದಲ ದಿನದ ರಂಗೋಲಿಯನ್ನು ಇನ್ನೊಮ್ಮೆ ನೋಡುವ ಆಸೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಜರಡಿಯನ್ನು ತಟ್ಟಿ, ಉಳಿದ ಕಲ್ಲುಗಳನ್ನು ಗಿಡದ ಬುಡಕ್ಕೆ ಚೆಲ್ಲಿ ಬಂದರು. "ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ಯಾವ್ದು?" ಎಂದು ಕೇಳಿದರು. ಮೇಷ್ಟ್ರಿಗಾಗಿ ಆರಿಸಿದ್ದ ಜೋಡಿಯೇ ಎಂದೆ. "ಅದನ್ನೇ ಹಾಕಿ. ಮುಗೀಲಿ," ಎಂದರು.

ಅವತ್ತು ಮಧ್ಯಾಹ್ನವೇ ಜೋಡಿ ಹಾಕಿದೆ. ಈ ಸಲ ಫ್ಯಾನಿನ ಸದ್ದಷ್ಟೇ ಅಲ್ಲ, ತಟ್ಟೆಯೂ ನಿಜಕ್ಕೂ ಕಾದಿತು. ಅನ್ನ ಅರ್ಧ ಗಂಟೆ ಮುಂಚೆ ಆಯಿತು. ಐದು ದಿನಕ್ಕೆ ಏಳು ರಂಗೋಲಿ ಬರತೊಡಗಿದವು. ಬಾಗಿಲು ಸಾಲದೆ ಚೂಡಮ್ಮ ಹೆಚ್ಚಿನವನ್ನು ತುಳಸಿಕಟ್ಟೆಯ ಮುಂದೆ ಹಾಕಿದರು. ಗೆರೆ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಹೋಯಿತು. ಮೇಷ್ಟ್ರು ಅದನ್ನು ಗಮನಿಸಿರಬೇಕು. ಹತ್ತು ತಿಂಗಳಲ್ಲಿ ಮೆಷಿನ್ ಒಮ್ಮೆಯೂ ನಿಲ್ಲಲಿಲ್ಲ. ಅದನ್ನು ನಾನು ಹೇಳಿಕೊಳ್ಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಲೆಕ್ಕ ಮುಗಿಯುವ ದಿನ ರ‍್ಯಾಮ್ ಹಾಕಿದವರು ಆ ಮನೆಯಲ್ಲಿರಬೇಕು ಎನ್ನುವುದು ನಮ್ಮೂರಿನ ರೂಢಿ. ಬೆಳಗಾಗುತ್ತಲೇ ಹೋದೆ. ಅಕ್ಕಪಕ್ಕದವರು ಆಗಲೇ ಅನ್ನ ಸಾರಿನ ಪಾತ್ರೆ ತಂದು ನಡುಮನೆಯಲ್ಲಿ ಇಟ್ಟಿದ್ದರು. ಮೆಷಿನ್ ಕೊನೆಯ ಕಾಗದ ಕೊಟ್ಟಿತು, ಅದರ ಕೆಳಗೆ ಒಟ್ಟು ಎಂದು ಬರೆದು ಹನ್ನೊಂದು ಸಾವಿರದ ಏಳುನೂರ ನಲವತ್ತೊಂದು ಎಂದು ಅಚ್ಚಾಗಿತ್ತು. ಫ್ಯಾನು ನಿಂತಿತು. ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಮೇಷ್ಟ್ರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿ, ಬಹಳ ಹೊತ್ತು ನೋಡಿದರು.

"ಇದೂ ಅಲ್ಲ," ಎಂದರು.

ಬರತ್ತೆ ಬಿಡಿ ಎಂದು ಚೂಡಮ್ಮ ಅನ್ನಲಿಲ್ಲ. ರಂಗೋಲಿ ಬಟ್ಟಲು ತೆಗೆದುಕೊಂಡು ಬಾಗಿಲಿಗೆ ನಡೆದರು. ನಾವು ಹಿಂದೆಯೇ ಹೋದೆವು. ಏಳು ಚುಕ್ಕಿ, ಏಳು ಸಾಲು ಇಟ್ಟರು. ಯಾವ ಕಾಗದವನ್ನೂ ನೋಡದೆ ಎಳೆಯತೊಡಗಿದರು. ಗೆರೆ ಬೆರಳಿನಷ್ಟು ದಪ್ಪಗೆ, ಬೆಳ್ಳಗೆ ಬೀಳುತ್ತಿತ್ತು. ಕೊನೆಯ ಮೂಲೆಗೆ ಬಂದಾಗ ನಿಲ್ಲಿಸಿದರು. ಕೈ ಎತ್ತಿದರು. ಆ ಕಡೆಯಿಂದ ಮತ್ತೆ ಶುರು ಮಾಡಿ ಎಳೆದು ತಂದು, ನಡುವೆ ಉಳಿದ ಜಾಗದ ಮೇಲೆ ಒಂದು ಚೆಂಡುಹೂವು ಇಟ್ಟು ಎದ್ದು ನಿಂತರು.

"ಇದು ರೀ ಅವತ್ತು ಹಾಕಿದ್ದು. ಅವತ್ತೂ ಕೈ ಎತ್ತಿದ್ದೆ. ನಿಮಗೆ ಹೇಳ್ಲಿಲ್ಲ," ಎಂದರು.

ಮೇಷ್ಟ್ರು ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಗ್ಗಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಕಣ್ಣು ಹಾಯಿಸಿದರು. ಆಮೇಲೆ ಬೆರಳು ಚಾಚಿ ಹೂವನ್ನು ಸರಿಸಿ, ಬಿಟ್ಟುಹೋದ ಜಾಗವನ್ನು ನೋಡಿ, ಹೂವನ್ನು ಮತ್ತೆ ಇದ್ದಲ್ಲಿಗೇ ಇಟ್ಟರು.

"ಅವತ್ತೂ ನೀನು ಒಳಗೆ ಹೋದಾಗ ಹೀಗೇ ಸರಿಸಿ ನೋಡಿದ್ದೆ," ಎಂದರು.

ಚೂಡಮ್ಮನ ಕೈಯ ಬಟ್ಟಲು ಓರೆಯಾಗಿ ಪುಡಿ ಅವರ ಪಾದದ ಮೇಲೆ ಬೀಳುತ್ತಿತ್ತು. "ಮತ್ತೆ ಕೈ ಎತ್ತದೆ ಹಾಕಿದಾಳೆ ಅಂತ ಎಲ್ಲರ ಮುಂದೆ ಯಾಕೆ ಹೇಳಿದ್ರಿ?" ಎಂದರು.

"ನಮ್ಮಮ್ಮ ಪಕ್ಕದಲ್ಲೇ ನಿಂತಿದ್ಳು ಚೂಡಾ. ಆ ಹೂವಿನ ಮೇಲೇ ಕಣ್ಣಿಟ್ಟಿದ್ಳು. ಅವಳು ಬಗ್ಗಿ ಸರಿಸೋದ್ರೊಳಗೆ ನಾನು ಏನಾದ್ರೂ ಹೇಳ್ಬೇಕಿತ್ತು."

"ಮೂವತ್ತೆರಡು ವರ್ಷ ದಿನಾ ಇದಲ್ಲ ಇದಲ್ಲ ಅಂದ್ರಲ್ಲ ಮತ್ತೆ."

"ನೀನು ಬರತ್ತೆ ಬಿಡಿ ಅಂದ್ಯಲ್ಲ. ನೀನಾಗೇ ಒಂದು ದಿನ ಹಾಕ್ತೀಯ ಅಂತ ಕಾದೆ. ನಾನಾದ್ರೆ ಇನ್ನೂ ಕಾಯ್ತಿದ್ದೆ, ಕಣ್ಣು ಕಾಯೋ ಹಾಗಿರಲಿಲ್ಲ."

ಚೂಡಮ್ಮ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮೊದಲು ನಕ್ಕವರು ಯಾರೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣಿಗೂ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಲಿನವನು ಸೈಕಲ್ ನಿಲ್ಲಿಸಿ, ಇವತ್ತಿನದು ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಹೇಳಿ ಹೋದ.

ಅಕ್ಕಪಕ್ಕದವರು ತಂದ ಊಟ ಆ ಮನೆಯಲ್ಲಿ ಒಂದು ಹೊತ್ತಿಗೆ ಮಾತ್ರ ಬೇಕಾಯಿತು. ಸಂಜೆಯಾಗುವ ಮೊದಲೇ ಮೇಷ್ಟ್ರು ಹೊಸ ಲೆಕ್ಕ ಹೇಳಿದರು: ಏಳು ಚುಕ್ಕಿ, ಏಳು ಸಾಲು, ಒಂದೇ ಒಂದು ಸಲ ಕೈ ಎತ್ತಬಹುದು ಎಂದರೆ ಒಟ್ಟು ಎಷ್ಟು ರಂಗೋಲಿ? ನಾನು ರ‍್ಯಾಮನ್ನು ಬಿಚ್ಚಿ, ಒರೆಸಿ, ಅದೇ ಜೋಡಿಯನ್ನು ಮತ್ತೆ ಸಿಕ್ಕಿಸಿ ಮೆಷಿನ್ ಹಾಕಿದೆ. ಇದು ಮುಗಿಯಲು ನಾಲ್ಕು ತಲೆಮಾರು ಬೇಕು ಎಂದು ತೋರಿಸಿತು. ತಟ್ಟೆ ಬೆಚ್ಚಗಾಯಿತು. ವೇಗ ಇಳಿಸಿ ಎಂದರು ಮೇಷ್ಟ್ರು, ಇನ್ನು ಅವಸರವಿಲ್ಲ. ಇಳಿಸಿದೆ. ಚೂಡಮ್ಮ ಬೇಳೆ ಇಟ್ಟರು, ನಾನು ಅಲ್ಲೇ ಊಟ ಮಾಡಿದೆ.

ಈಗ ಮೇಷ್ಟ್ರಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಚೂಡಮ್ಮ ಅಕ್ಕಿಹಿಟ್ಟನ್ನು ಗಟ್ಟಿಯಾಗಿ ಕಲಸಿ ಗೆರೆ ಎಬ್ಬಿಸಿ ಹಾಕುತ್ತಾರೆ. ಒಣಗಿದ ಮೇಲೆ ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿ, ಎಳೆ ಹಿಡಿದು ಸುತ್ತಿ, ಕೈ ಎತ್ತಿದ ಜಾಗವನ್ನು ಹುಡುಕುತ್ತಾರೆ. ನಾನು ಆ ದಾರಿಯಲ್ಲಿ ಹೋಗುವಾಗ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಇದಲ್ಲ ಎನ್ನುತ್ತಾರೆ ಮೇಷ್ಟ್ರು. ಬರತ್ತೆ ಬಿಡಿ ಎನ್ನುತ್ತಾರೆ ಚೂಡಮ್ಮ. ಈ ಸಲ ಆ ಮಾತು ನಿಜ.